ಕನ್ನಡ ಎಂ.ಎ. ಮುಗಿಸಿ ಕಾರ್ಖಾನೆಯ ಕಡೆಗೆ

ಅಧ್ಯಾಪಕರೇ, ವಿದ್ಯಾರ್ಥಿ ಮಿತ್ರರೇ,

ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಎರಡು ವರ್ಷ ಅತಿಥಿ ಉಪನ್ಯಾಸಕನಾಗಿದ್ದು, ಆಮೇಲೆ ಮಾನವ ಸಂಪನ್ಮೂಲದಲ್ಲಿ ಎಂ.ಬಿ.ಎ. ಓದಿದವನು ನಾನು. ನರಸಾಪುರ, ವೇಮಗಲ್, ಮಾಲೂರುಗಳ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ಬಸ್ಸುಗಳನ್ನು ಕೋಲಾರದ ನೀವು ದಿನವೂ ನೋಡುತ್ತೀರಿ. ಆ ಬಸ್ಸು ಹತ್ತುವವರ ಹಾಜರಿ, ಸಂಬಳ, ರಜೆ, ದೂರುಗಳ ಜೊತೆ ಒಡನಾಡುವುದು ಈಗ ನನ್ನ ಕೆಲಸ. 'ಸಾಹಿತ್ಯ ಬಿಟ್ಟುಬಿಟ್ಟೆಯಾ?' ಎಂದು ಗೆಳೆಯರು ಕೇಳುತ್ತಾರೆ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಮಾಸ್ತಿಯವರು ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಮೈಸೂರು ಸಂಸ್ಥಾನದ ಆಡಳಿತ ಸೇವೆಗೆ ಸೇರಿದ್ದನ್ನು ಅವರಿಗೆ ನೆನಪಿಸಿ ಪಾರಾಗುತ್ತೇನೆ, ಹೋಲಿಕೆ ಅಲ್ಲಿಗೇ ನಿಲ್ಲುತ್ತದೆಂದು ಗೊತ್ತಿದ್ದೂ.

ಪ್ರವೇಶದ ಮಾತನ್ನು ಬೇಗ ಮುಗಿಸುತ್ತೇನೆ. ಎಂ.ಬಿ.ಎ.ಗೆ ಯಾವ ವಿಷಯದ ಪದವಿಯಾದರೂ ನಡೆಯುತ್ತದೆ, ಪಿಜಿಸಿಇಟಿ ಎಂಬ ರಾಜ್ಯಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುವವರಿಗೂ ಹಲವು ಕಡೆ ಮಾನವ ಸಂಪನ್ಮೂಲವನ್ನು ವಿಶೇಷ ವಿಷಯವಾಗಿ ಆರಿಸಿಕೊಳ್ಳುವ ಅವಕಾಶವಿದೆ. ಕೆಲಸದ ಮಾತಿಗೆ ಬಂದರೆ, 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗೆ ಅವರ ಯೋಗಕ್ಷೇಮ ನೋಡಿಕೊಳ್ಳುವ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಅದರ ಜಾಗಕ್ಕೆ ಬಂದ, ಕೆಲಸದ ಸ್ಥಳದ ಸುರಕ್ಷತೆ ಮತ್ತು ಆರೋಗ್ಯ ಕುರಿತ 2020ರ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿದೆ.

ನನಗೆ ಕಷ್ಟವಾದದ್ದು ಸಂಖ್ಯಾಶಾಸ್ತ್ರ. ಹತ್ತನೆಯ ತರಗತಿಯ ನಂತರ ಗಣಿತವನ್ನು ಮುಟ್ಟದವನು ಮೊದಲ ಸೆಮಿಸ್ಟರಿನಲ್ಲಿ ಆ ಪತ್ರಿಕೆಯಲ್ಲಿ ಅನುತ್ತೀರ್ಣನಾದೆ. ಆಗ ಅದನ್ನು ಅನಗತ್ಯ ಕಾಟವೆಂದುಕೊಂಡಿದ್ದೆ. 2020ರ ಡಿಸೆಂಬರ್‌ನಲ್ಲಿ ನರಸಾಪುರದ ಕಾರ್ಖಾನೆಯೊಂದರಲ್ಲಿ ಸಂಬಳ ಮತ್ತು ಹೆಚ್ಚುವರಿ ದುಡಿಮೆಯ ಲೆಕ್ಕದ ಕುರಿತ ಅಸಮಾಧಾನ ಗಲಭೆಗೆ ತಿರುಗಿದ್ದು ನಿಮಗೆ ನೆನಪಿರಬಹುದು. ಭವಿಷ್ಯನಿಧಿಗೆ ಶೇ. 12, ಇ.ಎಸ್.ಐ.ಗೆ (ನೌಕರರ ರಾಜ್ಯ ವಿಮೆ) ಶೇ. 0.75 ಎಂದು ಕಡಿತಗಳನ್ನು ಸಾಲಾಗಿ ತೋರಿಸುವ ಸಂಬಳದ ಚೀಟಿಯನ್ನು ಕಾರ್ಮಿಕನಿಗೆ ಅರ್ಥವಾಗುವಂತೆ ಬಿಡಿಸಿ ಹೇಳಲಾರದವನು ಎಷ್ಟು ಕಾವ್ಯ ಓದಿದ್ದರೂ ಈ ಕೆಲಸಕ್ಕೆ ಒದಗಲಾರ.

ಹಾಗಾದರೆ ಸಾಹಿತ್ಯದಿಂದ ನಾನು ತಂದದ್ದೇನು? 'ಸಂವಹನ ಕೌಶಲ' ಎಂಬ ಸಿದ್ಧ ಉತ್ತರ ನನಗೆ ಒಪ್ಪಿಗೆಯಿಲ್ಲ. ಚೆನ್ನಾಗಿ ಮಾತನಾಡುವವರು ಎಲ್ಲ ವಿಭಾಗಗಳಲ್ಲೂ ಇದ್ದಾರೆ. ನಾನು ತಂದದ್ದು ವಾಕ್ಯದ ಮೇಲಿನ ಅನುಮಾನ. 'ನಿಮ್ಮನ್ನು ಅಮಾನತಿನಲ್ಲಿಡಲಾಗಿದೆ', 'ನಿಮ್ಮ ವಿವರಣೆಯನ್ನು ತೃಪ್ತಿಕರವಲ್ಲವೆಂದು ಪರಿಗಣಿಸಲಾಗಿದೆ' ಎಂಬ ವಾಕ್ಯಗಳನ್ನು ನೋಡಿ. ಇಟ್ಟವರು ಯಾರು, ಪರಿಗಣಿಸಿದವರು ಯಾರು? ಕರ್ತೃವನ್ನು ಮರೆಮಾಡುವ ಈ 'ಲಾಗಿದೆ'ಯನ್ನು ವ್ಯಾಕರಣದ ತರಗತಿಯಲ್ಲಿ ಕರ್ಮಣಿ ಪ್ರಯೋಗವೆಂದು ಅಂಕಕ್ಕಾಗಿ ಗುರುತಿಸುತ್ತಿದ್ದೆವು. ಕಾರ್ಖಾನೆಯಲ್ಲಿ ಅದರ ಹಿಂದೆ ಒಂದು ಸಂಸಾರದ ತಿಂಗಳ ದಿನಸಿ ನಿಂತಿರುತ್ತದೆ. 1946ರ ಸ್ಥಾಯಿ ಆದೇಶಗಳ (ಎಂದರೆ ಕಾರ್ಖಾನೆಯ ಸೇವಾ ನಿಯಮಗಳ) ಕಾಯ್ದೆಯು ಅಂಥ ಅಮಾನತಿನ ಮೊದಲ 90 ದಿನಗಳಿಗೆ ಅರ್ಧ ಸಂಬಳವನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕೆಂದಿತ್ತು. ಸೇವಾ ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ಪ್ರಕಟಿಸಬೇಕೆಂದೂ ವಿಧಿಸಿತ್ತು. ತಿಳಿಯುವ ಭಾಷೆ ಎಂದರೆ ಲಿಪಿ ಮಾತ್ರವೇ, ಅಥವಾ ವಾಕ್ಯವೂ ಹೌದೇ ಎಂಬ ಪ್ರಶ್ನೆಯನ್ನು ಕಾನೂನಿನ ತರಗತಿಯಲ್ಲಿ ನಾನೊಬ್ಬನೇ ಎತ್ತಿದ್ದೆ.

ಎರಡನೆಯದು ಕೇಳಿಸಿಕೊಳ್ಳುವ ತಾಳ್ಮೆ. ಮಾನವ ಸಂಪನ್ಮೂಲದ ಓದಿನಲ್ಲಿ ಸಂಶೋಧಕ ಎಲ್ಟನ್ ಮೇಯೊ ಹೆಸರಿನೊಂದಿಗೆ ಬರುವ ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಅಧ್ಯಯನಗಳಲ್ಲಿ 20 ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಸಂದರ್ಶಿಸಿದ ಒಂದು ಭಾಗವಿದೆ. ಮೊದಲು ಸಿದ್ಧ ಪ್ರಶ್ನೆಗಳನ್ನು ಕೇಳಿದರು; ಜನ ಪ್ರಶ್ನೆ ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳತೊಡಗಿದಾಗ ಪ್ರಶ್ನೆಗಳನ್ನೇ ಕೈಬಿಟ್ಟರು, ಅರ್ಧ ಗಂಟೆಯ ಮಾತು ಒಂದೂವರೆ ಗಂಟೆಯಾಯಿತು. ಸಹಪಾಠಿಗಳಿಗೆ ಇದು ಪರೀಕ್ಷೆಗೆ ಬರುವ ಸಿದ್ಧಾಂತವಾಗಿತ್ತು. ಜಾನಪದ ಕ್ಷೇತ್ರಕಾರ್ಯದಲ್ಲಿ ಅಜ್ಜಿಯರ ಮುಂದೆ ಕೂತಿದ್ದ ನನಗೆ ಇದು ಗೊತ್ತಿದ್ದ ಸಂಗತಿ: ಹಾಡು ಕೇಳಲು ಹೋದರೆ ಮೊದಲು ಮೊಮ್ಮಗನ ಜ್ವರದ ಕಥೆ ಬರುತ್ತದೆ, ಅದನ್ನು ಕೇಳದವನಿಗೆ ಹಾಡು ಸಿಕ್ಕುವುದಿಲ್ಲ.

ಒಂದು ಇರುಸುಮುರುಸನ್ನು ಮಾತ್ರ ಮುಚ್ಚಿಡಲಾರೆ. ಸಾಹಿತ್ಯದ ತರಗತಿಯಲ್ಲಿ ನಾವು ಸದಾ ದನಿಯಿಲ್ಲದವರ ಪಕ್ಕದಲ್ಲಿ ನಿಂತು ಓದುತ್ತೇವೆ. ಇಲ್ಲಿ ಸಂಬಳ ಕೊಡುವುದು ಆಡಳಿತ ಮಂಡಳಿ, ನೋಟಿಸ್ ಬರೆಯುವ ಕೈ ನಮ್ಮದು. ಒಮ್ಮೆ ಶಿಸ್ತು ವಿಚಾರಣೆಯೊಂದರಲ್ಲಿ ಮುಳಬಾಗಿಲು ಕಡೆಯ ಹೆಣ್ಣುಮಗಳು ತೆಲುಗಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದು ಓದಿದೆ. 'ಮೇಲ್ವಿಚಾರಕರಿಗೆ ಎದುರುತ್ತರ ನೀಡಿದ್ದು ನಿಜ' ಎಂಬಲ್ಲಿ ಅವಳು ತಡೆದಳು. 'ಸಾರ್, ನಾನು ಎದುರುತ್ತರ ಕೊಡಲಿಲ್ಲ, ಉತ್ತರ ಕೊಟ್ಟೆ.' ಆ ಹಾಳೆಯನ್ನು ಹೊಡೆದುಹಾಕಿ ಇನ್ನೊಂದು ಹಾಳೆ ತೆಗೆದುಕೊಂಡು, ಮೊದಲಿನಿಂದ ಹೇಳಮ್ಮ ಎಂದೆ.