ಫೋಟೋ ತುಂಬುವ ಮೊದಲು ಹೊರಗೆ ಬರುವ ಬಾಗಿಲು ನೋಡಿ

[ಸ್ಕ್ರೀನ್: ಆರ್ಕುಟ್‌ನ ಹಳೆಯ ಗುಲಾಬಿ ಲೋಗೋ]

ನಮಸ್ಕಾರ. ಫೋಟೋ ಇಡಲು ಆನ್‌ಲೈನ್ ಸೈಟ್ ಆರಿಸುವುದು ಹೇಗೆ, ಇವತ್ತು ಅದೇ ಮಾತು. ಗೂಗಲ್‌ನ ಹಳೆಯ ಸೋಶಿಯಲ್ ಸೈಟ್ ಆರ್ಕುಟ್ ನೆನಪಿದೆಯಾ? ಕಾಲೇಜ್ ಡೇ ಫೋಟೋ, ಜೋಗದ ಟ್ರಿಪ್, ಅಕ್ಕನ ಮದುವೆ, ಎಲ್ಲ ತಂದು ಅಲ್ಲೇ ಸುರಿದಿದ್ದೆವು, ಅಲ್ವಾ? 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದನ್ನು ಮುಚ್ಚಿತು. ಆಲ್ಬಂ ಇಳಿಸಿಕೊಳ್ಳಲು ಎರಡು ವರ್ಷ ಟೈಮ್ ಕೊಟ್ಟಿತ್ತು. ನಮ್ಮಲ್ಲಿ ಎಷ್ಟು ಜನ ಇಳಿಸಿಕೊಂಡೆವು? ಕಾಮೆಂಟ್‌ನಲ್ಲಿ ಹೇಳಿ, ನಾಚಿಕೆ ಬೇಡ.

ಇದು ಆರ್ಕುಟ್ ಒಂದರ ಕಥೆ ಅಲ್ಲ. ಫೋಟೋಬಕೆಟ್ ಅಂತ ಒಂದು ಸೈಟ್ ಇತ್ತು, ಈಗಲೂ ಇದೆ. ಅಲ್ಲಿಟ್ಟ ಫೋಟೋವನ್ನು ಬೇರೆ ಸೈಟ್‌ಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕಟ್ಟಿ ಅಂತ 2017ರಲ್ಲಿ ಹೇಳಿತು. ದುಡ್ಡು ಕಟ್ಟದವರ ಫೋಟೋ ಇದ್ದ ಕಡೆಯೆಲ್ಲ ಫೋಟೋಬಕೆಟ್‌ನ ನೋಟಿಸ್ ಚಿತ್ರ ಕಾಣಿಸತೊಡಗಿತು. ಫ್ಲಿಕರ್ ಅನ್ನುವ ಇನ್ನೊಂದು ಫೋಟೋ ಸೈಟ್ 2013ರಲ್ಲಿ ಎಲ್ಲರಿಗೂ 1 ಟಿಬಿ ಉಚಿತ ಅಂದಿತ್ತು. 2018ರಲ್ಲಿ ಸ್ಮಗ್‌ಮಗ್ ಅನ್ನುವ ಕಂಪನಿ ಅದನ್ನು ಕೊಂಡುಕೊಂಡಿತು, ಮರುವರ್ಷದಿಂದ ಉಚಿತ ಖಾತೆಗೆ 1000 ಫೋಟೋ ಅಷ್ಟೇ. ಗೂಗಲ್ ಫೋಟೋಸ್ ಕೂಡ 2015ರಲ್ಲಿ ಶುರುವಾದಾಗ ಎಷ್ಟು ಬೇಕಾದರೂ ತುಂಬಿ ಅಂದಿತ್ತು. 2021ರ ಜೂನ್ 1ರಿಂದ ಆ ಆಟ ಮುಗಿಯಿತು. ಈಗ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ 15 ಜಿಬಿಯಲ್ಲೇ ಕೂರುತ್ತದೆ. ಗುಡ್ ಮಾರ್ನಿಂಗ್ ಮೆಸೇಜ್‌ಗಳೂ ಸೇರಿ.

ಉಚಿತ ಅಂದರೆ ಎಷ್ಟು ದಿನ ಉಚಿತ ಅಂತ ಯಾರೂ ಬರೆದುಕೊಡುವುದಿಲ್ಲ. ಹಾಗಾಗಿ ಸೈಟ್ ಆರಿಸುವಾಗ ನಾನು ಮೊದಲು ಕೇಳುವುದು ಬೆಲೆ ಎಷ್ಟು ಅಂತ ಅಲ್ಲ. ನಾಳೆ ಇಲ್ಲಿಂದ ಎಲ್ಲ ಎತ್ತಿಕೊಂಡು ಹೊರಡಬೇಕಾದರೆ ಹೇಗೆ?

[ಸ್ಕ್ರೀನ್ ರೆಕಾರ್ಡಿಂಗ್: ಗೂಗಲ್ ಟೇಕ್‌ಔಟ್ ಪುಟ]

ಬನ್ನಿ, ಗೂಗಲ್‌ನಲ್ಲೇ ಮಾಡಿ ನೋಡೋಣ. ಗೂಗಲ್‌ನಲ್ಲಿಟ್ಟದ್ದನ್ನೆಲ್ಲ ಇಳಿಸಿಕೊಳ್ಳುವ ಟೇಕ್‌ಔಟ್ ಪುಟ ತೆಗೆಯಿರಿ. ಮೊದಲು ಎಲ್ಲ ಟಿಕ್ ತೆಗೆದುಹಾಕಿ, ಇಲ್ಲದಿದ್ದರೆ ಯೂಟ್ಯೂಬ್ ಹಿಸ್ಟರಿಯಿಂದ ಹಿಡಿದು ಎಲ್ಲ ಬರುತ್ತದೆ. ಗೂಗಲ್ ಫೋಟೋಸ್ ಒಂದಕ್ಕೆ ಟಿಕ್ ಹಾಕಿ. ಅದರಲ್ಲೂ ಒಂದೇ ಒಂದು ಆಲ್ಬಂ ಆರಿಸಿ, ಇದು ಬರೀ ಪರೀಕ್ಷೆ. ಫೈಲ್ ರೆಡಿಯಾದ ಮೇಲೆ ಇಮೇಲ್ ಬರುತ್ತದೆ. ಆ ಲಿಂಕ್‌ಗೆ ಒಂದು ವಾರ ಆಯಸ್ಸು. ಆಮೇಲೆ ಮತ್ತೆ ಮೊದಲಿನಿಂದ.

[ಸ್ಕ್ರೀನ್: ಬಿಚ್ಚಿದ ಜಿಪ್ ಫೋಲ್ಡರ್. ಒಂದು ಫೋಟೋ, ಪಕ್ಕದಲ್ಲಿ ಅದೇ ಹೆಸರಿನ ಜೇಸನ್ ಫೈಲ್]

ಇಲ್ಲಿ ನೋಡಿ. ಫೋಟೋ ಜೊತೆಗೆ ಒಂದು ಚಿಕ್ಕ ಜೇಸನ್ ಫೈಲ್ ಬಂದಿದೆ, ಫೋಟೋದ ತಾರೀಖು ಮುಂತಾದ ವಿವರ ಬರೆದಿಟ್ಟ ಫೈಲ್ ಅದು. ಕಸ ಅಂದುಕೊಂಡು ಡಿಲೀಟ್ ಮಾಡಬೇಡಿ. ಕ್ಯಾಮೆರಾದಲ್ಲಿ ತೆಗೆದ ಫೋಟೋದಲ್ಲಿ ತಾರೀಖು ಒಳಗೇ ಇರುತ್ತದೆ, ಅದಕ್ಕೆ ತೊಂದರೆ ಇಲ್ಲ. ಆದರೆ ವಾಟ್ಸಾಪ್‌ನಲ್ಲಿ ಬಂದ ಫೋಟೋಗಳಿಗೆ, ಅಜ್ಜಿಯ ಹಳೆಯ ಫೋಟೋ ಸ್ಕ್ಯಾನ್ ಮಾಡಿ ನೀವೇ 1978 ಅಂತ ಹಾಕಿದ ತಾರೀಖಿಗೆ, ಈ ಜೇಸನ್ ಫೈಲೇ ಆಧಾರ. ಹೊಸ ಸೈಟ್ ಇದನ್ನು ಓದದಿದ್ದರೆ ಅಜ್ಜಿ ಮದುವೆ ಇವತ್ತಿನ ತಾರೀಖಿಗೆ ಬಂದು ಕೂರುತ್ತದೆ. ಎಂಟೆ ಅನ್ನುವ ಆ್ಯಪ್ ಇದನ್ನು ಸರಿಯಾಗಿ ಓದುತ್ತದೆ. ಎಷ್ಟೋ ಕಡೆ ಓದುವುದಿಲ್ಲ.

ಯಾವ ಸೈಟ್ ಆದರೂ ಐವತ್ತು ಫೋಟೋ ಹಾಕಿ, ಹೀಗೆ ವಾಪಸ್ ಇಳಿಸಿ. ಫೋಟೋ ಸೈಜ್ ಹಾಕುವಾಗ ಎಷ್ಟಿತ್ತೋ ಅಷ್ಟೇ ಇದೆಯಾ? 6 ಎಂಬಿ ಹೋಗಿ 2 ಎಂಬಿ ಬಂದರೆ ಅಲ್ಲಿ ಅಮುಕಿದ್ದಾರೆ ಅಂತ ಅರ್ಥ. ಒಂದೊಂದೇ ಫೋಟೋ ಒತ್ತಿ ಇಳಿಸಬೇಕು, ಒಟ್ಟಿಗೆ ಇಳಿಸುವ ಬಟನ್ ಇಲ್ಲ ಅಂದರೆ ಆ ಸೈಟ್ ನನಗೆ ಬೇಡ. ಎಷ್ಟು ಅಗ್ಗ ಇದ್ದರೂ ಬೇಡ.

ಈಗ ದುಡ್ಡು. ಭಾರತದಲ್ಲಿ ನಾನು ಕೊನೆಯ ಸಲ ನೋಡಿದಾಗ ಗೂಗಲ್ ಒನ್‌ನ, ಅಂದರೆ ಗೂಗಲ್‌ಗೆ ದುಡ್ಡು ಕೊಟ್ಟು ಹೆಚ್ಚು ಜಾಗ ಪಡೆಯುವ ಪ್ಲಾನ್‌ನ, 100 ಜಿಬಿ ತಿಂಗಳಿಗೆ ₹130, ವರ್ಷಕ್ಕೆ ಕಟ್ಟಿದರೆ ₹1300. ಆ್ಯಪಲ್‌ನ ಐಕ್ಲೌಡ್‌ನಲ್ಲಿ 5 ಜಿಬಿ ಉಚಿತ, 50 ಜಿಬಿಗೆ ತಿಂಗಳಿಗೆ ₹75. ರೇಟ್ ಬದಲಾಗುತ್ತಿರುತ್ತದೆ, ಕಟ್ಟುವ ಮೊದಲು ಒಮ್ಮೆ ನೋಡಿ. ಗೂಗಲ್ ಒನ್ ಅನ್ನು ಮನೆಯ ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು. ಜಾಗ ಹಂಚಿಕೆಯಾಗುತ್ತದೆ, ಒಬ್ಬರ ಫೋಟೋ ಇನ್ನೊಬ್ಬರಿಗೆ ಕಾಣುವುದಿಲ್ಲ. ಅತ್ತೆ ಮಾವನನ್ನೂ ಧೈರ್ಯವಾಗಿ ಸೇರಿಸಿ.

ಸಿಮ್ ಜೊತೆ ಫ್ರೀ ಸ್ಟೋರೇಜ್ ಸಿಗುವ ಆಫರ್‌ಗಳೂ ಇವೆ. ಏರ್‌ಟೆಲ್ 2025ರಲ್ಲಿ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ 100 ಜಿಬಿ ಗೂಗಲ್ ಒನ್ ಆರು ತಿಂಗಳು ಉಚಿತ ಕೊಟ್ಟಿತು. ತಗೊಳ್ಳಿ, ತಪ್ಪೇನಿಲ್ಲ. ಆದರೆ ಆರು ತಿಂಗಳು ಮುಗಿದ ದಿನ ನಿಮ್ಮ 80 ಜಿಬಿ ಫೋಟೋ ಅಲ್ಲಿರುತ್ತದೆ, ನೀವು ಎಲ್ಲಿಗೂ ಹೋಗಲಾರಿರಿ. ಆಫರ್ ಕೊಟ್ಟವರಿಗೂ ಅದು ಗೊತ್ತು.

ಅಂದಹಾಗೆ, ಜಾಗ ತಿನ್ನುವುದು ಫೋಟೋ ಅಲ್ಲ, ವಿಡಿಯೋ. ಒಂದು ನಿಮಿಷದ 4ಕೆ ವಿಡಿಯೋ ಸುಮ್ನೆ 150 ಎಂಬಿ ದಾಟುತ್ತದೆ. ಮಗುವಿನ ಶಾಲಾ ವಾರ್ಷಿಕೋತ್ಸವದ ಪೂರ್ತಿ ಡ್ಯಾನ್ಸ್ ಬಿಟ್ಟರೆ ಉಳಿದದ್ದನ್ನು ಒಮ್ಮೆ ಶೋಧಿಸಿ. ದೊಡ್ಡ ಪ್ಲಾನ್ ಬೇಕಾಗದೆಯೂ ಇರಬಹುದು.

[ದೃಶ್ಯ: ಬೀಗದ ಚಿತ್ರ]

ಸುರಕ್ಷಿತ ಅಂತ ಎಲ್ಲರೂ ಹೇಳಿಕೊಳ್ಳುತ್ತಾರೆ. ಕೇಳಬೇಕಾದ್ದು ಇಷ್ಟೇ: ಕೀಲಿ ಯಾರ ಕೈಯಲ್ಲಿದೆ? ಗೂಗಲ್ ಫೋಟೋಸ್‌ನಲ್ಲಿ ಫೋಟೋ ಎನ್‌ಕ್ರಿಪ್ಟ್ ಆಗಿಯೇ, ಅಂದರೆ ಬೀಗ ಹಾಕಿಯೇ ಇರುತ್ತದೆ, ಆದರೆ ಕೀಲಿ ಗೂಗಲ್ ಬಳಿ. ಅದಕ್ಕೇ "ಅಮ್ಮ, ಸೀರೆ" ಅಂತ ಹುಡುಕಿದರೆ ತಟ್ಟನೆ ತೋರಿಸುತ್ತದೆ. ಅದೇ ಕಾರಣಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ಅಪ್ಪನಿಗೆ ಪೇಚಾಟವಾಯಿತು. ಮಗುವಿನ ಊತದ ಫೋಟೋವನ್ನು ಡಾಕ್ಟರ್‌ಗೆ ತೋರಿಸಲು 2021ರಲ್ಲಿ ತೆಗೆದರು. ಗೂಗಲ್‌ನ ಯಂತ್ರ ಅದನ್ನು ಮಕ್ಕಳ ಲೈಂಗಿಕ ದೌರ್ಜನ್ಯದ ಫೋಟೋ ಅಂತ ಎಣಿಸಿತು. ಪೊಲೀಸರು ತನಿಖೆ ಮಾಡಿ ಏನೂ ತಪ್ಪಿಲ್ಲ ಅಂದರೂ ಖಾತೆ ವಾಪಸ್ ಬರಲಿಲ್ಲ. ಇಮೇಲ್, ಫೋನ್ ನಂಬರ್, ವರ್ಷಗಳ ಫೋಟೋ, ಎಲ್ಲ ಹೋಯಿತು. ಅಪರೂಪದ ಘಟನೆ, ಒಪ್ಪುತ್ತೇನೆ. ಆದರೂ ಎಲ್ಲವನ್ನೂ ಒಂದೇ ಲಾಗಿನ್‌ಗೆ ಕಟ್ಟಿಹಾಕಬೇಡಿ.

ಕೀಲಿ ನಿಮ್ಮ ಕೈಯಲ್ಲೇ ಇರುವ ಸೈಟ್‌ಗಳೂ ಇವೆ. ಈಗ ಹೇಳಿದ ಎಂಟೆ ಅಂಥದ್ದು, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ಐಕ್ಲೌಡ್‌ನಲ್ಲೂ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಅಂತ ಇದೆ, ನೀವೇ ಆನ್ ಮಾಡಬೇಕು. ಇದರ ಇನ್ನೊಂದು ಮುಖ ಗೊತ್ತಿರಲಿ: ಪಾಸ್‌ವರ್ಡ್ ಮರೆತು ರಿಕವರಿ ಕೀಯನ್ನೂ ಕಳೆದುಕೊಂಡರೆ ಕಂಪನಿಯವರೂ ತೆಗೆದುಕೊಡಲಾರರು. ಎಂಟೆಯಲ್ಲಿ ಅದು 24 ಪದಗಳು. ಹಾಳೆಯಲ್ಲಿ ಬರೆದು ಎಲ್‌ಐಸಿ ಬಾಂಡ್ ಇಡುವ ಕಡೆ ಇಡಿ. ಮೊಬೈಲ್‌ನಲ್ಲಿ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ, ಮೊಬೈಲ್ ಕಳೆದ ದಿನ ಕೀಲಿಯೂ ಹೋಯಿತು. ಯಾವ ಸೈಟ್ ಆದರೂ ಎರಡು ಹಂತದ ಲಾಗಿನ್ ಹಾಕಿಕೊಳ್ಳಿ, ಇದರಲ್ಲಿ ಚರ್ಚೆಯೇ ಇಲ್ಲ.

ಹಂಚುವ ವಿಷಯ. ಮದುವೆ ಆಯಿತು ಅಂದುಕೊಳ್ಳಿ. ನೆಂಟರು ಶಿವಮೊಗ್ಗದಲ್ಲಿ, ದುಬೈಯಲ್ಲಿ, ನ್ಯೂಜೆರ್ಸಿಯಲ್ಲಿ. ವಾಟ್ಸಾಪ್ ಗ್ರೂಪ್‌ಗೆ ಹಾಕಿದರೆ ಫೋಟೋ ಚಿಕ್ಕದಾಗುತ್ತದೆ, ಪ್ರಿಂಟ್ ಹಾಕಿಸಿದರೆ ಮುಖ ಮಬ್ಬು. ನಾಲ್ಕೈದು ಫೋಟೋ ಆದರೆ ಡಾಕ್ಯುಮೆಂಟ್ ಆಗಿ ಕಳುಹಿಸಿ, ಇದ್ದ ಹಾಗೇ ಹೋಗುತ್ತದೆ. ಐನೂರು ಫೋಟೋ ಆದರೆ ಆಲ್ಬಂ ಲಿಂಕೇ ಸರಿ.

ಆದರೆ ಲಿಂಕ್ ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ಚಿಕ್ಕಮ್ಮ ತಮ್ಮ ಯೋಗ ಕ್ಲಾಸ್ ಗ್ರೂಪ್‌ಗೆ ಕಳುಹಿಸುತ್ತಾರೆ, ಕಳುಹಿಸಿಯೇ ಕಳುಹಿಸುತ್ತಾರೆ. ಅದಕ್ಕೆ ಆಲ್ಬಂ ಸೆಟ್ಟಿಂಗ್‌ಗೆ ಹೋಗಿ ಲೊಕೇಶನ್ ಹಂಚುವುದನ್ನು ಆಫ್ ಮಾಡಿ, ಬೇರೆಯವರು ಫೋಟೋ ಸೇರಿಸುವುದು ಬೇಡ ಅಂದರೆ ಅದನ್ನೂ ಆಫ್ ಮಾಡಿ. ಎಲ್ಲರೂ ನೋಡಿ ಇಳಿಸಿಕೊಂಡ ಮೇಲೆ ಲಿಂಕ್ ಮುಚ್ಚಿಬಿಡಿ. ಮಕ್ಕಳ ಫೋಟೋ ಆದರೆ ಲಿಂಕ್ ಬೇಡವೇ ಬೇಡ, ಹೆಸರು ಹಿಡಿದು ಅವರವರ ಇಮೇಲ್‌ಗೆ ಕಳುಹಿಸಿ.

ಹಾಗಾದರೆ ನನ್ನ ಆಯ್ಕೆ ಯಾವುದು? ಮನೆಯಲ್ಲಿ ಎಲ್ಲರದ್ದೂ ಆಂಡ್ರಾಯ್ಡ್ ಆದರೆ ಗೂಗಲ್ ಒನ್ 100 ಜಿಬಿ ಸಾಕು. ಎಲ್ಲರದ್ದೂ ಐಫೋನ್ ಆದರೆ ಐಕ್ಲೌಡ್. ಖಾಸಗಿತನ ಮುಖ್ಯ, ಪಾಸ್‌ವರ್ಡ್ ಜೋಪಾನ ಮಾಡುವ ಶಿಸ್ತೂ ಇದೆ ಅನ್ನುವವರಿಗೆ ಎಂಟೆ. ಯಾವುದಾದರೂ ಸರಿ, ಮನೆಯಲ್ಲಿ ಒಂದು ಹಾರ್ಡ್ ಡಿಸ್ಕ್ ಇರಲೇಬೇಕು. ಯಾಕೆಂದರೆ ಕ್ಲೌಡ್ ನಿಮ್ಮ ಫೋನನ್ನೇ ನಕಲು ಮಾಡುತ್ತದೆ. ಐಫೋನ್‌ನಲ್ಲಿ ಜಾಗ ಆಗಲಿ ಅಂತ ಡಿಲೀಟ್ ಮಾಡಿದರೆ ಐಕ್ಲೌಡ್‌ನಿಂದಲೂ ಹೋಗುತ್ತದೆ, ವಾಪಸ್ ತರಲು 30 ದಿನ ಅಷ್ಟೇ.

[ಸ್ಕ್ರೀನ್: ಗೂಗಲ್ ಖಾತೆಯ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಪುಟ]

ಇನ್ನೊಂದು ಸೆಟ್ಟಿಂಗ್ ಇದೆ, ಯಾರೂ ಮುಟ್ಟಿರುವುದಿಲ್ಲ. ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರ್‌ನಿಂದ ಈ ನಿಯಮ ಜಾರಿಯಲ್ಲಿದೆ. ತೀರಿಕೊಂಡವರ ಖಾತೆಯೂ ಅದರಲ್ಲಿ ಬರುತ್ತದೆ. ಈ ಪುಟದಲ್ಲಿ ನಂಬಿಕೆಯವರ ಇಮೇಲ್ ಕೊಟ್ಟರೆ, ನೀವು ಇಷ್ಟು ತಿಂಗಳು ಖಾತೆ ತೆರೆಯದಿದ್ದಾಗ ಫೋಟೋ ಇಳಿಸಿಕೊಳ್ಳುವ ಅವಕಾಶ ಅವರಿಗೆ ಸಿಗುತ್ತದೆ. ಎಷ್ಟು ತಿಂಗಳು ಅಂತ ನೀವೇ ಆರಿಸಬಹುದು. ಐಫೋನ್‌ನಲ್ಲಿ ಇಂಥದ್ದೇ ಲೆಗಸಿ ಕಾಂಟ್ಯಾಕ್ಟ್ ಅಂತ ಇದೆ, ಆದರೆ ಅದು ನೀವು ತೀರಿಕೊಂಡ ಮೇಲೆ ಮಾತ್ರ. ಈ ವಾರ ಊರಿಗೆ ಹೋದಾಗ ಅಪ್ಪನ ಫೋನ್‌ನಲ್ಲೂ ಹಾಕಿಕೊಡಿ, ಯಾಕೆ ಅಂತ ಕೇಳಿದರೆ ಈ ವಿಡಿಯೋ ತೋರಿಸಿ.