ತರಬೇತಿ ಮುಗಿದ ಸಂಜೆ

ಕೇಳುಗರಿಗೆ ನಮಸ್ಕಾರ.

ಕಚೇರಿಗಳಿಗೆ ಹೋಗಿ ನೌಕರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. 'ಸಾರ್, ಹುಡುಗರಿಗೆ ಒಂದು ವಿಡಿಯೊ ಕಳಿಸಿಬಿಡಿ, ಸಾಕು. ವಯಸ್ಸಾದವರನ್ನು ಮಾತ್ರ ಕೂರಿಸಿಕೊಂಡು ನಿಧಾನಕ್ಕೆ ಹೇಳಿಕೊಡಿ.' ಕೇಳಿ ಕೇಳಿ ಸಾಕಾಗಿದೆ. ನಾನು ಇವತ್ತು ಹೇಳುವುದು ಒಂದೇ ವಿಷಯ. ಕಲಿತದ್ದನ್ನು ಅವತ್ತೇ ಕೈಯಾರೆ ಮಾಡಿದವರಿಗೆ ಅದು ಉಳಿಯುತ್ತದೆ, ಮಾಡದವರಿಗೆ ಹಾರಿಹೋಗುತ್ತದೆ. ವಯಸ್ಸು 22 ಇರಲಿ, 58 ಇರಲಿ.

ಒಮ್ಮೆ ಒಂದು ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ಹೊಸ ಸಾಫ್ಟ್‌ವೇರ್ ಬಂತು. ನಾನೂ ಜಾಣತನ ತೋರಿಸಿ ಹಿರಿಯರದ್ದೊಂದು, ಕಿರಿಯರದ್ದೊಂದು ಬ್ಯಾಚ್ ಮಾಡಿದೆ. ಹಿರಿಯರ ಬ್ಯಾಚಿನಲ್ಲಿ ನಿವೃತ್ತಿಗೆ ಎರಡೇ ವರ್ಷ ಇದ್ದ ಹೆಡ್ ಕ್ಲರ್ಕ್ ಒಬ್ಬರು. ಗೆರೆ ಹಾಕಿದ ನೋಟ್‌ಬುಕ್, ಚೂಪು ಮಾಡಿದ ಪೆನ್ಸಿಲ್. ನಾನು ಒಂದು ಬಟನ್ ಒತ್ತಿದರೆ ಅವರದ್ದು ಒಂದು ಸಾಲು. 'ಸ್ವಲ್ಪ ತಡೀರಿ ಸಾರ್, ಎಂಟರ್ ಒತ್ತಿದ್ದು ಸೇವ್ ಮಾಡೋಕೆ ಮುಂಚೆನಾ, ಆಮೇಲಾ?' ಅರ್ಧ ದಿನದ ಪಾಠ ಸಂಜೆವರೆಗೆ ಎಳೆಯಿತು. ಕಿರಿಯರು ಒಂದೂವರೆ ಗಂಟೆಯಲ್ಲಿ ಮುಗಿಸಿ, 'ಅಷ್ಟೇನಾ ಸಾರ್?' ಅಂತ ಎದ್ದು ಹೋದರು.

ತಿಂಗಳು ಬಿಟ್ಟು ಹೋಗಿ ನೋಡಿದರೆ ಎಲ್ಲ ಉಲ್ಟಾ! ಹೆಡ್ ಕ್ಲರ್ಕ್ ನೋಟ್‌ಬುಕ್ಕನ್ನು ಡ್ರಾಯರಿನಲ್ಲಿ ಹಾಕಿ ಸರಸರನೆ ವೋಚರ್ ಎಂಟ್ರಿ ಮಾಡುತ್ತಿದ್ದಾರೆ. ಮುಂದೇನು ಒತ್ತಬೇಕು ಅಂತ ಕೇಳಲು ಇಬ್ಬರು ಹುಡುಗರು ಅವರ ಕುರ್ಚಿ ಹಿಂದೆ ನಿಂತಿದ್ದಾರೆ. ಮ್ಯಾನೇಜರ್ ನನ್ನ ಹತ್ತಿರ ಬಂದು, 'ನೋಡಿದ್ರಾ, ಹಳಬರಿಗೆ ಶ್ರದ್ಧೆ ಜಾಸ್ತಿ. ಈಗಿನವರಿಗೆ ಗಮನವೇ ಇಲ್ಲ' ಅಂದರು. ಶ್ರದ್ಧೆಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ! ವಿಚಾರಿಸಿದೆ. ಹಿರಿಯರ ಕಂಪ್ಯೂಟರ್‌ಗಳಿಗೆ ಪಾಠದ ದಿನವೇ ಸಾಫ್ಟ್‌ವೇರ್ ಹಾಕಿದ್ದರು. ಅವತ್ತು ಸಂಜೆ ಹೆಡ್ ಕ್ಲರ್ಕ್ ಮನೆಗೆ ಹೋಗುವ ಮುಂಚೆ ಐದು ವೋಚರ್ ಹಾಕಿ ನೋಡಿದ್ದರಂತೆ. ಹುಡುಗರ ಕಂಪ್ಯೂಟರ್‌ಗಳಿಗೆ ಅದು ಬಂದದ್ದು ಮೂರು ವಾರ ಬಿಟ್ಟು. ಒಂದೊಂದು ಕಂಪ್ಯೂಟರ್‌ಗೂ ಬೇಕಾದ ಸಾಫ್ಟ್‌ವೇರ್ ಲೈಸೆನ್ಸ್ ಸಾಲಲಿಲ್ಲವಂತೆ! ಮೂರು ವಾರ ಸುಮ್ನೆ ಕೂತರೆ ಯಾರಿಗೆ ತಾನೇ ನೆನಪಿರುತ್ತದೆ ಹೇಳಿ?

ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಇದನ್ನು 1885ರಲ್ಲೇ ಬರೆದಿಟ್ಟಿದ್ದಾನೆ. ಅರ್ಥವಿಲ್ಲದ ಪದಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಮರೆಯುತ್ತದೆ ಅಂತ ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡ. ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತಿತ್ತು. ಆಗ ಆತ ಮುದುಕನೇನಲ್ಲ, ಮೂವತ್ತರ ಆಸುಪಾಸಿನವನು.

ಅಯ್ಯೋ, ಕಥೆಯಲ್ಲೇ ಸಮಯ ಹೋಯಿತು. ಹುಟ್ಟಿದ ವರ್ಷ ನೋಡಿ ಪೀಳಿಗೆಗಳಿಗೆ ಇಟ್ಟ ಮಿಲೆನಿಯಲ್, ಜೆನ್ ಝೀ ಅಂತೆಲ್ಲ ಹೆಸರು ಕೇಳಿರುತ್ತೀರಿ. 1996ರ ಡಿಸೆಂಬರ್ 31ಕ್ಕೆ ಹುಟ್ಟಿದವನು ಒಂದು ಪೀಳಿಗೆ, ಮರುದಿನ ಹುಟ್ಟಿದವಳು ಇನ್ನೊಂದು! ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2020ರ ವರದಿಯಲ್ಲಿ, ಕೆಲಸಗಾರರನ್ನು ಹೀಗೆ ಪೀಳಿಗೆಯ ಲೆಕ್ಕದಲ್ಲಿ ವಿಂಗಡಿಸಲು ಗಟ್ಟಿ ಆಧಾರ ಇಲ್ಲ ಅಂದಿವೆ. ವಿಡಿಯೊ ಒಳ್ಳೆಯದಾ, ಪುಸ್ತಕ ಒಳ್ಳೆಯದಾ ಅಂದರೆ, ಯಾವುದಾದರೂ ಕೊಡಿ. ಅವತ್ತೇ ಕೈಯಾರೆ ಮಾಡಿಸಿ.

ತರಬೇತಿಗೆ ದಿನ ಗೊತ್ತುಮಾಡುವವರು ಯಾರಾದರೂ ಕೇಳುತ್ತಿದ್ದರೆ, ನನಗೆ ಫೋನ್ ಮಾಡುವ ಮುಂಚೆ ದಯವಿಟ್ಟು ಲೈಸೆನ್ಸ್ ಎಷ್ಟು ಬಂದಿದೆ ಎಣಿಸಿ. ನಮಸ್ಕಾರ.