412ನೇ ಮೆಂಬರ್ ಹಿಂದೆ ಬಿದ್ದ ಕಥೆ

ಕೂತ್ಕೊಳ್ಳಿ ಕೂತ್ಕೊಳ್ಳಿ, ಬಾಗ್ಲಲ್ಲಿ ನಿಂತಿರೋರು ಒಳಗೆ ಬನ್ನಿ. ಮೈಕ್ ಇಲ್ದಿದ್ರೂ ಪರವಾಗಿಲ್ಲ, ಇಪ್ಪತ್ತೆಂಟು ವರ್ಷ ಡೈರಿ ಮುಂದೆ ನಿಂತು ಹೆಸರು ಕೂಗಿರೋ ಗಂಟಲು ಇದು. ಸಂಜೆ ಹಾಲು ಹಾಕೋ ಹೊತ್ತಿಗೆ ಮುಂಚೆನೇ ಬಿಟ್ಬಿಡ್ತೀನಿ, ಅದ್ರ ಬಗ್ಗೆ ಯೋಚ್ನೆ ಬೇಡ.

ಈ ಅರಿವು ಕೇಂದ್ರದ, ಅಂದ್ರೆ ನಮ್ ಪಂಚಾಯ್ತಿ ಲೈಬ್ರರಿಯ, ಮೇಡಂ ಫೋನ್ ಮಾಡಿ "ಅಣ್ಣಾ, ಹೊಸ ಹೊಸ ಥರದ ಪುಸ್ತಕ ಹೆಂಗೆ ಹುಡುಕ್ಕೋಬೇಕು ಅಂತ ನಮ್ ಹುಡುಗ್ರಿಗೆ ಒಂದಷ್ಟು ಹೇಳಿ" ಅಂದ್ರು. ಅಮ್ಮಾ, ನಾನು ಲೆಕ್ಚರರ್ ಅಲ್ಲ, ರಿಟೈರ್ ಆಗಿರೋ ಡೈರಿ ಸೆಕ್ರೆಟರಿ ಅಂದೆ. ಅದಕ್ಕೇ ಕರೀತಿರೋದು ಅಂದ್ರು. ಅದು ಹೊಗಳಿದ್ದಾ ಏನು ಅಂತ ನಂಗಿನ್ನೂ ಗೊತ್ತಾಗಿಲ್ಲ.

ನಮ್ ಮನೇಲಿ ತೆಲುಗು, ಈ ಕಡೆ ನಿಮ್ಮಲ್ಲೂ ಅರ್ಧ ಜನದ್ದು ಹಂಗೇ ಇರುತ್ತೆ. ಕನ್ನಡ ಸ್ಕೂಲಲ್ಲಿ ಬಂದಿದ್ದು, ಹಂಗಾಗಿ ನಂಗೆ ಕನ್ನಡ ಅಂದ್ರೆ ಮೊದ್ಲಿಂದ್ಲೂ ಅಕ್ಷರದ ಭಾಷೆ, ಪುಸ್ತಕದ ಭಾಷೆ. ಡೈರಿ ಕೆಲ್ಸ ನಿಮ್ಗೆ ಗೊತ್ತು, ಬೆಳಗ್ಗೆ ಆರಕ್ಕೆ ಒಂದ್ಸಲ, ಸಂಜೆ ಐದಕ್ಕೆ ಒಂದ್ಸಲ, ಮಧ್ಯೆ ಲೆಕ್ಕ ಬರೆದಾದ್ಮೇಲೆ ಮೂರ್ನಾಲ್ಕು ಗಂಟೆ ಖಾಲಿ. ಕೆಲವರು ಆ ಟೈಮಲ್ಲಿ ಎಲೆ ಆಡ್ತಾರೆ, ನಾನು ಪುಸ್ತಕ ಹಿಡ್ಕೊಂಡೆ. ಹಸುಗಳ ಫೀಡ್‌ಗೆ ಅಂತ ಚಿಂತಾಮಣಿಗೆ ಹೋದಾಗೆಲ್ಲ ಲೈಬ್ರರಿಗೆ ಹೋಗಿ ಬರ್ತಿದ್ದೆ. ಆಗ ನಮ್ದು ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ.

ಮೊದ್ಲು ನಾನು ಮಾಡಿದ ತಪ್ಪು ಹೇಳ್ತೀನಿ. ಯಾವ್ದೋ ಪೇಪರಲ್ಲಿ "ಓದಲೇಬೇಕಾದ ಪುಸ್ತಕಗಳು" ಅಂತ ಒಂದು ಪಟ್ಟಿ ಬಂದಿತ್ತು, ಅದನ್ನ ಕತ್ತರಿಸಿ ಜೇಬಲ್ಲಿ ಇಟ್ಕೊಂಡೆ, ಒಂದರಿಂದ ಶುರು ಮಾಡಿ ವರಸೆಯಾಗಿ ಓದ್ಬಿಡೋಣ ಅಂತ. ಮೂರನೇ ಪುಸ್ತಕದಲ್ಲಿ ಸಿಕ್ಕಾಕೊಂಡೆ ನೋಡಿ, ನಾಲ್ಕು ತಿಂಗಳು. ಓದಕ್ಕೂ ಆಗಲ್ಲ, ಬಿಡಕ್ಕೂ ಆಗಲ್ಲ, ಇದನ್ನ ಮುಗಿಸ್ದೆ ಇನ್ನೊಂದು ಮುಟ್ಟಬಾರ್ದು ಅಂತ ನನಗೆ ನಾನೇ ಹಾಕ್ಕೊಂಡ ಶಿಕ್ಷೆ, ಅತ್ಲಾಗೆ ಮನೇಲಿ "ಏನು, ಒಂದೇ ಪುಸ್ತಕ ಪಾರಾಯಣ ಮಾಡ್ತಿದೀರಾ" ಅಂತ ಬೇರೆ. ಕೊನೆಗೆ ಸೋತು ವಾಪಸ್ ಕೊಡಕ್ಕೆ ಹೋದಾಗ ಹಿಂದಿನ ರಟ್ಟಿಗೆ ಅಂಟಿಸಿರೋ ಚೀಟಿ ನೋಡ್ದೆ. ಆಗೆಲ್ಲ ಅದ್ರ ಮೇಲೆ ಮೆಂಬರ್ ನಂಬರ್, ತಾರೀಕು ಎರಡೂ ಬರೀತಿದ್ರು. ಅಷ್ಟು ವರ್ಷದಲ್ಲಿ ಆ ಪುಸ್ತಕ ತಗೊಂಡೋರು ಮೂರೇ ಜನ, ಅದ್ರಲ್ಲಿ ಒಂದು ನಂಬರ್ 412. ನಂಗೆ ಯಾಕೋ ನೆನಪಲ್ಲಿ ಉಳೀತು, ಬಹುಶಃ ಅವರು ನಾಲ್ಕೇ ದಿನಕ್ಕೆ ವಾಪಸ್ ಕೊಟ್ಟಿದ್ರು ಅಂತ ಹೊಟ್ಟೆಕಿಚ್ಚಿಗೆ.

ಅವತ್ತು ಬೇಜಾರಲ್ಲಿ ಪತ್ತೇದಾರಿ ಕಾದಂಬರಿ ಒಂದು ತಗೊಂಡೆ. ಚೀಟಿ ನೋಡ್ತೀನಿ, 412. ಮುಂದಿನ ಸಲ ಕೋಳಿ ಸಾಕಾಣಿಕೆ ಪುಸ್ತಕ, ಅದ್ರಲ್ಲೂ 412. ದೇವಿ ಮಹಾತ್ಮೆ ತೆಗೆದ್ರೆ ಅಲ್ಲೂ ಇದಾನೆ ಪುಣ್ಯಾತ್ಮ! ಯಾರಪ್ಪಾ ಇವನು, ಬೆಳಗ್ಗೆ ಪೂಜೆ ಮಾಡಿ, ಮಧ್ಯಾಹ್ನ ಕೋಳಿಗೆ ಮೇವು ಹಾಕಿ, ರಾತ್ರಿ ಕೊಲೆ ಕಥೆ ಓದೋನು? ಅವತ್ತಿಂದ ಪೇಪರ್ ಪಟ್ಟಿ ಬಿಟ್ಟು 412ರ ಹಿಂದೆ ಬಿದ್ದೆ. ಕಪಾಟಲ್ಲಿ ಪುಸ್ತಕ ತೆಗೀತೀನಿ, ಹಿಂದೆ ನೋಡ್ತೀನಿ, 412 ಇದ್ರೆ ತಗೋತೀನಿ. ಎರಡು ವರ್ಷ ಹಿಂಗೇ ನಡೀತು.

ಪತ್ತೇದಾರಿ ಅಂದ್ರೆ ಮೂಗು ಮುರಿಯೋ ಮೇಷ್ಟ್ರುಗಳು ಇಲ್ಲೂ ಇದೀರಾ, ಗೊತ್ತು. ಎನ್. ನರಸಿಂಹಯ್ಯ ಅಂತ ಒಬ್ರು ಇದ್ರು, ಶಾಲೆ ಓದಿದ್ದು ನಾಲ್ಕನೇ ಕ್ಲಾಸು, ಬರೆದಿದ್ದು ಐನೂರು ಚಿಲ್ಲರೆ ಪತ್ತೇದಾರಿ ಕಾದಂಬರಿ. ಎಷ್ಟೋ ಮನೇಲಿ ಕನ್ನಡ ಓದೋದು ರೂಢಿ ಆಗಿದ್ದೇ ಅವರಿಂದ. ಆ ನಾಲ್ಕು ತಿಂಗಳ ಮೇಲೆ ಪುಟ ತಿರುಗಿಸೋ ಚಪಲ ನಂಗೆ ವಾಪಸ್ ಬಂದಿದ್ದು ಅವರ ಪುಸ್ತಕದಿಂದ, ಅದನ್ನ ಒಪ್ಕೊಳಕ್ಕೆ ನಂಗೇನೂ ನಾಚಿಕೆ ಇಲ್ಲ.

ಈಗ ನನ್ ಕಸುಬಿನ ಮಾತು ಒಂದು. ಹಾಲಿನ ಸ್ಯಾಂಪಲ್ ಹೆಂಗೆ ತೆಗೀತೀವಿ? ಕ್ಯಾನ್ ಚೆನ್ನಾಗಿ ಕಲಕಿ ಆಮೇಲೆ ತೆಗೀಬೇಕು. ಕಲಕ್ದೆ ಮೇಲಿಂದ ಎತ್ತಿದ್ರೆ ಕೆನೆ ಬರುತ್ತೆ, ಫ್ಯಾಟ್ ಜಾಸ್ತಿ ತೋರ್ಸುತ್ತೆ, ಸೊಸೈಟಿಗೆ ಲಾಸು. ಪುಸ್ತಕದ್ದೂ ಅದೇ. ರಟ್ಟು, ಹಿಂದಿನ ಹೊಗಳಿಕೆ, ಮೊದಲ್ನೇ ಪುಟ, ಅದೆಲ್ಲ ಕೆನೆ, ಬರೆದೋರು ಹತ್ತು ಸಲ ತಿದ್ದಿರ್ತಾರೆ. ನಾನು ಮಧ್ಯದಿಂದಾಚೆಗೆ ಎಲ್ಲೋ ತೆಗೆದು ಎರಡು ಪುಟ ನಿಂತ್ಕೊಂಡೇ ಓದ್ತೀನಿ. ಅಲ್ಲಿ ಹಾಲು ಗಟ್ಟಿ ಇದ್ರೆ ಮನೆಗೆ ತರೋದು. ಕವನ ಆದ್ರೆ ಮೆಲ್ಲಗೆ ಬಾಯಿ ಬಿಟ್ಟು ಒಂದು ಓದಿ ನೋಡ್ತೀನಿ, ಪಕ್ಕದಲ್ಲಿರೋರು ತಿರುಗಿ ನೋಡ್ತಾರೆ, ನೋಡ್ಲಿ. ಮಾಹಿತಿ ಪುಸ್ತಕ ಆದ್ರೆ ಇನ್ನೊಂದು ಉಪಾಯ ಇದೆ: ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವಿಷಯ ಅದ್ರಲ್ಲಿ ಎಲ್ಲಿದೆ ಅಂತ ಹುಡುಕಿ ಮೊದ್ಲು ಅದನ್ನ ಓದಿ. ಪಶುಪಾಲನೆ ಪುಸ್ತಕ ಸಿಕ್ಕಿದ್ರೆ ನಾನು ಸೀದಾ ಕೆಚ್ಚಲು ಬಾವಿನ ಪುಟಕ್ಕೆ ಹೋಗ್ತೀನಿ, ಬರೆದೋರು ಜನ್ಮದಲ್ಲಿ ಹಸು ಹತ್ರ ಹೋಗಿದಾರೋ ಇಲ್ವೋ ಅಂತ ಐದು ನಿಮಿಷದಲ್ಲಿ ಗೊತ್ತಾಗೋಗುತ್ತೆ.

ಆ ಪಶುಪಾಲನೆ ಪುಸ್ತಕ ಹುಡುಕ್ತಾನೇ ಕಪಾಟು ಹೆಂಗೆ ಜೋಡಿಸ್ತಾರೆ ಅಂತ ಕಲಿತಿದ್ದು. ಪುಸ್ತಕದ ಬೆನ್ನಲ್ಲಿ ಒಂದು ನಂಬರ್ ಇರುತ್ತೆ ನೋಡಿ, ಅಮೆರಿಕದ ಮೆಲ್ವಿಲ್ ಡ್ಯೂಯಿ ಅನ್ನೋರು 1876ರಲ್ಲಿ ಮಾಡಿದ ಲೆಕ್ಕ ಅದು, ತುಂಬಾ ಲೈಬ್ರರಿಗಳಲ್ಲಿ ಇವತ್ತಿಗೂ ಅದೇ. ಅದ್ರಲ್ಲಿ 636 ಪಶುಪಾಲನೆ, 637 ಹೈನುಗಾರಿಕೆ, ಅಂದ್ರೆ ನಂದು. ಅದ್ರ ಪಕ್ಕ 638.1 ಜೇನು, 638.2 ರೇಷ್ಮೆ ಹುಳು, ಆಚೆ ಹೋದ್ರೆ 639 ಮೀನು, ಇನ್ನೊಂಚೂರು ಆಚೆ 641 ಅಡುಗೆ. ಎಂಥಾ ಮಜಾ ನೋಡಿ, ಹಾಲು ಹಾಕೋನೂ ರೇಷ್ಮೆ ಗೂಡು ಮಾರೋನೂ ಶಿಡ್ಲಘಟ್ಟ ಬಸ್ಸಲ್ಲಿ ಅಕ್ಕಪಕ್ಕ ಕೂತಂಗೆ ಕಪಾಟಲ್ಲೂ ಅಕ್ಕಪಕ್ಕ! ನಾನು ಹೈನುಗಾರಿಕೆಗೆ ಅಂತ ಹೋಗಿ ಜೇನಿಗೆ ಜಾರ್ದೆ. ಜೇನಿಂದ ಹೂವು, ಹೂವಿಂದ ಮರ, ಮರದಿಂದ ಕಾಡು.

ಮರ ಅಂದಾಗ ನೆನಪಾಯ್ತು. ಮುಳಬಾಗಿಲಿನ ಡಿವಿಜಿ ಎಲ್ಲಾರ್ಗೂ ಗೊತ್ತು, ಕಗ್ಗ ಮದುವೆ ಕಾರ್ಡ್ ಮೇಲೂ ಬರುತ್ತೆ. ಅವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಪ್ರೊಫೆಸರು. ಸ್ಟೂಡೆಂಟ್ಸ್ ಕಟ್ಕೊಂಡು ಕಾಡು ಸುತ್ತಿದ್ದನ್ನ ನಗುನಗ್ತಾ ಬರೆದ 'ಹಸುರು ಹೊನ್ನು'ಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಮನೆ, ಅಪ್ಪಂದು ತತ್ವದ ಪದ್ಯ, ಮಗಂದು ಗಿಡ ಮರ. ಡಿವಿಜಿ ಅವರದ್ದೇ, ತಾವು ಕಂಡ ಜನರ ನೆನಪು ಬರೆದ 'ಜ್ಞಾಪಕ ಚಿತ್ರಶಾಲೆ' ಎಂಟು ಸಂಪುಟ ಇದೆ, ಪೂರ್ತಿ ಓದಿ ಅಂತ ಹೇಳಲ್ಲ, ಅದು ಊರೂರು ಬಸ್ ಸಿಗೋ ಸ್ಟ್ಯಾಂಡ್ ಇದ್ದಂಗೆ. ದಿವಾನರ ಸಂಪುಟ ಹಿಡಿದ್ರೆ ನಮ್ಮ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರು ಸಿಗ್ತಾರೆ, ಅಲ್ಲಿಂದ ಕೆಆರ್‌ಎಸ್ ಕಟ್ಟಿದ ಕಥೆಗೆ, ನೀರಾವರಿಗೆ ಹೋಗ್ಬೋದು. ಕಲಾವಿದರ ಸಂಪುಟ ಹಿಡಿದ್ರೆ ಸಂಗೀತದ ಕಡೆ ಬಸ್ಸು. ನಾನು ಇವತ್ತು ಹೇಳ್ಬೇಕು ಅಂತ ಬಂದಿದ್ದು ನಿಜವಾಗ್ಲೂ ಇದೊಂದೇ: ಮುಂದಿನ ಪುಸ್ತಕದ ಅಡ್ರೆಸ್ಸು ಈಗ ಕೈಲಿರೋ ಪುಸ್ತಕದ ಒಳಗೇ ಇರುತ್ತೆ. ನಾವು ಹಾರಿಸಿ ಬಿಡ್ತೀವಿ ನೋಡಿ, ಮುನ್ನುಡಿ, ಅರ್ಪಣೆ, ಅಡಿ ಟಿಪ್ಪಣಿ, ಕೊನೆ ಪುಟದ "ನಮ್ಮ ಇತರ ಪ್ರಕಟಣೆಗಳು", ಅಲ್ಲೆಲ್ಲ ಇರುತ್ತೆ. ಅನುವಾದ ಓದಿ ಇಷ್ಟ ಆದ್ರೆ ಅನುವಾದಕರ ಹೆಸರು ಬರೆದಿಟ್ಕೊಳ್ಳಿ, ಅವರು ಇನ್ನೇನೇನು ತಂದಿದಾರೆ ನೋಡಿ, ನಮಗೋಸ್ಕರ ಒಂದು ರೌಂಡ್ ಆರಿಸೋ ಕೆಲ್ಸ ಅವರು ಆಗ್ಲೇ ಮಾಡಿರ್ತಾರೆ.

ಮೊಬೈಲು? ಕೇಳ್ತೀರಾ ಅಂತ ಗೊತ್ತಿತ್ತು. ಮೊಬೈಲಲ್ಲಿ ಒಂದ್ಸಲ ನಾಟಿ ಕೋಳಿ ವಿಡಿಯೋ ನೋಡಿ, ಸಾಯೋವರ್ಗೂ ನಾಟಿ ಕೋಳಿನೇ ತೋರ್ಸುತ್ತೆ. ನೀವು ಇಷ್ಟಪಟ್ಟಿದ್ದನ್ನೇ ತಿರುಗಾ ಮುರುಗಾ ಕೊಡುತ್ತೆ, ಪಕ್ಕದ ಕಪಾಟಿಗೆ ಜಾರಕ್ಕೆ ಬಿಡಲ್ಲ. ಆದ್ರೆ ಹಳೇ ಪುಸ್ತಕಕ್ಕೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಅಂಗಡೀಲಿ ಸಿಗದೇ ಇರೋದನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿದಾರೆ. ಬರೆದೋರು ಹೋಗಿ ಅರವತ್ತು ವರ್ಷ ದಾಟಿದ್ರೆ ನಮ್ಮ ದೇಶದ ಕಾನೂನಲ್ಲಿ ಕಾಪಿರೈಟ್ ಮುಗೀತು, ಧೈರ್ಯವಾಗಿ ಓದ್ಬೋದು. ಅದಕ್ಕಿಂತ ಹೊಸದಾದ್ರೆ ದಯವಿಟ್ಟು ಕೊಂಡ್ಕೊಳ್ಳಿ ಇಲ್ಲಾ ಲೈಬ್ರರೀಲಿ ತಗೊಳ್ಳಿ, ವಾಟ್ಸಾಪಲ್ಲಿ ಪಿಡಿಎಫ್ ಕಳಿಸ್ಬೇಡಿ, ನೀರು ಬೆರೆಸಿದ ಹಾಲಿಗೂ ಅದಕ್ಕೂ ನಂಗೇನು ವ್ಯತ್ಯಾಸ ಕಾಣಲ್ಲ.

ಪ್ರಶಸ್ತಿ ಬಂದ ಪುಸ್ತಕ ಓದ್ಬೇಕಾ ಅಂದ್ರೆ, ಓದಿ, ಆದ್ರೆ ಅಲ್ಲೇ ನಿಲ್ಬೇಡಿ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆಗ ಎಲ್ಲಾರೂ ಆ ಒಂದು ಪುಸ್ತಕ ಕೇಳಿದ್ರು. ನಾನು ಅದನ್ನ ಓದಿ, ಓಹೋ ಸಣ್ಣಕಥೆ ಅಂದ್ರೆ ಇಷ್ಟೆಲ್ಲ ಮಾಡ್ಬೋದಾ ಅಂತ ಮಾಲೂರಿನ ಮಾಸ್ತಿ ಹತ್ರ ವಾಪಸ್ ಹೋದೆ, ಸ್ಕೂಲಲ್ಲಿ ಪರೀಕ್ಷೆಗೆ ಅಂತ ಓದಿ ಮರೆತಿದ್ದೆ.

ಜನರನ್ನ ಕೇಳೋದಾದ್ರೆ "ಒಳ್ಳೇ ಪುಸ್ತಕ ಹೇಳಿ" ಅಂತ ಕೇಳ್ಬೇಡಿ, ಎಲ್ಲಾರೂ ಮರ್ಯಾದೆಗೆ ದೊಡ್ಡ ಹೆಸರೇ ಹೇಳ್ತಾರೆ. ಎರಡು ಸಲ ಓದಿದ್ದು ಯಾವ್ದು, ಓದಿ ಸಿಟ್ಟು ಬಂದಿದ್ದು ಯಾವ್ದು ಅಂತ ಕೇಳಿ. ನಮ್ಮ ಪಶು ಡಾಕ್ಟ್ರನ್ನ ಹಂಗೆ ಕೇಳಿದ್ದಕ್ಕೆ, ಕರು ಎಳೀತಾ ಎಳೀತಾನೇ ಒಂದು ಪ್ರವಾಸ ಕಥನದ ಹೆಸರು ಹೇಳಿದ್ರು, ಕೈ ತೊಳೆಯೋಷ್ಟ್ರಲ್ಲಿ ಇನ್ನೊಂದು.

ಇನ್ನು ಇಲ್ಲಿ ಬೇಕಾದ ಪುಸ್ತಕ ಇಲ್ಲ ಅಂದ್ರೆ ಸುಮ್ನೆ ಎದ್ದು ಹೋಗ್ಬೇಡಿ. ಆಸ್ತಿ ತೆರಿಗೆ ಕಟ್ತೀವಲ್ಲ, ಅದ್ರ ಜೊತೆ ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ ಗ್ರಂಥಾಲಯದ ಸೆಸ್ ಅಂತಾನೇ ಹೋಗುತ್ತೆ. ದುಡ್ಡು ನಿಮ್ದೇ, ಮೇಡಂ ಟೇಬಲ್ ಮೇಲೆ ಒಂದು ನೋಟ್‌ಬುಕ್ ಇಟ್ಟಿದಾರೆ, ಬೇಕಾದ್ದು ಬರೀರಿ. ಎಸ್.ಆರ್. ರಂಗನಾಥನ್ ಅಂತ ಲೈಬ್ರರಿ ಶಾಸ್ತ್ರದ ದೊಡ್ಡೋರು, ಕೊನೆಗಾಲ ಬೆಂಗ್ಳೂರಲ್ಲೇ ಇದ್ರು, 1931ರಲ್ಲೇ ಐದು ಸೂತ್ರ ಬರೆದಿಟ್ಟಿದಾರೆ. ಅದ್ರಲ್ಲಿ ಎರಡು ನಂಗೆ ಬಾಯಿಪಾಠ: ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ.

412 ಏನಾಯ್ತು ಅಂತ ಆ ಹುಡುಗಿ ಆಗ್ಲಿಂದ ಕೈ ಎತ್ಕೊಂಡೇ ಇದೆ. ಹೇಳ್ತೀನಮ್ಮ. ಒಂದಿನ ಕೌಂಟರ್ ಹತ್ರ ನಿಂತಿದ್ದೆ. ನನ್ ಮುಂದೆ ಹತ್ತು ಹನ್ನೊಂದು ವರ್ಷದ ಹುಡುಗ, ಚಡ್ಡಿ ಜೇಬಿಂದ ಕಾರ್ಡ್ ತೆಗೆದು ಇಟ್ಟ, 412. ನಂಗೆ ಎದೆ ಧಸಕ್ ಅಂತು. ಇನ್ನೊಂದು ಕೈಲಿ ಒಂದು ಚೀಟಿ, ಅದ್ರಲ್ಲಿ ಮೂರು ಥರ ಕೈಬರಹ. ಏನಪ್ಪಾ ಇದು ಅಂದೆ. "ಅಜ್ಜಿಗೆ ದೇವ್ರದ್ದು, ಅಪ್ಪಂಗೆ ಪತ್ತೇದಾರಿ, ಅಕ್ಕ ಏನೋ ದಪ್ಪ ಪುಸ್ತಕ ಬರ್ಕೊಟ್ಟಿದಾಳೆ" ಅಂದ. ಕೋಳಿ ಪುಸ್ತಕ ಯಾರು ಓದಿದ್ದು ಅಂದ್ರೆ, "ಅಮ್ಮ, ಆಗ ಕೋಳಿ ಇತ್ತು." ನಾನು ಎರಡು ವರ್ಷ ಹಿಂದೆ ಬಿದ್ದಿದ್ದ ಆ ಮಹಾನುಭಾವ ಒಬ್ಬ ಮನುಷ್ಯನೇ ಅಲ್ಲ, ಒಂದು ಮನೆ! ಒಂದೊಂದೇ ಥರದ ಪುಸ್ತಕ ಓದೋ ನಾಲ್ಕು ಜನರ ಹಿಂದೆ ಓಡಿ ಓಡಿ, ಎಲ್ಲಾ ಥರದ್ದೂ ಓದೋನು ನಾನಾಗಿದ್ದೆ.

ನಿನಗೆ ಯಾವ್ ಪುಸ್ತಕನೋ ಅಂತ ಕೇಳಿದೆ. "ಒಂದು ಕಾರ್ಡಿಗೆ ಮೂರೇ ಕೊಡೋದು ಅಂಕಲ್, ನಂಗೆ ಜಾಗ ಇಲ್ಲ" ಅಂದ. ಆಮೇಲೆ ಮೂರೂ ಪುಸ್ತಕ ಕಂಕುಳಲ್ಲಿ ಇಟ್ಕೊಂಡು ಹೋಗ್ತಾ ತಿರುಗಿ, "ಬಸ್ಸಲ್ಲಿ ಮೂರೂ ನಾನೇ ಮೊದ್ಲು ನೋಡೋದು" ಅಂದ. ಅಕ್ಕನ ದಪ್ಪ ಪುಸ್ತಕ ಯಾವ್ದು ಅಂತ ಬಗ್ಗಿ ನೋಡ್ದೆ, ನನ್ನ ನಾಲ್ಕು ತಿಂಗಳು ಸತಾಯಿಸಿದ್ದಲ್ಲ, ಅದೇ ಬರೆದೋರದ್ದು ಇನ್ನೊಂದು.

ಅದನ್ನ ನಾನಿನ್ನೂ ಓದಿಲ್ಲ. ಸರಿ, ಐದಕ್ಕೆ ಹತ್ತು ನಿಮಿಷ ಇದೆ, ಕ್ಯಾನ್ ತರೋರು ಹೊರಡಿ. ಪ್ರಶ್ನೆ ಇರೋರು ಡೈರಿ ಹತ್ರ ಬನ್ನಿ, ನಾನೂ ಅರ್ಧ ಲೀಟರ್ ತಗೋಬೇಕು.